‘ನಿನ್ನ ಪುಡಿ ಒಂದಿಷ್ಟು ಕೊಡವ್ವ’ ಎಂದವರಿಗೆ ಏನು ಹೇಳುವುದು?

ನಿಟ್ಟುವಳ್ಳಿ ಮೇಷ್ಟ್ರು

ಬಂಧುಗಳೇ, ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ರಸಾಯನಶಾಸ್ತ್ರದೊಂದಿಗೆ ನನಗಿರುವ ನಂಟು ಮಗಳ ಕಡೆಯಿಂದ ಬಂದದ್ದು. ಆಕೆ ಇಲ್ಲಿಯೇ ದಾವಣಗೆರೆಯಲ್ಲಿದ್ದುಕೊಂಡು ಔಷಧ ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಕ್ಯಾನ್ಸರ್ ಕೋಶಗಳಲ್ಲಿ ಅಂಕೆ ತಪ್ಪಿ ದುಡಿಯುವ ಕಿಣ್ವವೊಂದನ್ನು ತಡೆಯಬಲ್ಲ ಹೊಸ ಅಣುಗಳನ್ನು ಕಟ್ಟುವುದು ಅವಳ ಕೆಲಸವೆಂಬಷ್ಟು ನನಗೆ ಗೊತ್ತು. ನಾಲ್ಕು ವರ್ಷಗಳಲ್ಲಿ 42 ಅಣುಗಳನ್ನು ಮಾಡಿದ್ದಾಳೆ. ಅವುಗಳಲ್ಲಿ ಎರಡು ‘ಪರವಾಗಿಲ್ಲ’ ಎನ್ನುತ್ತಾಳೆ.

ಕಳೆದ ವಾರ ಮದುವೆಯೊಂದರಲ್ಲಿ ಊಟ ಮುಗಿದು ತಾಂಬೂಲ ಹಿಡಿದು ನಿಂತಿದ್ದಾಗ ದೂರದ ಸಂಬಂಧಿಕರೊಬ್ಬರು ಪ್ಲಾಸ್ಟಿಕ್ ಚೀಲದ ತುಂಬ ವರದಿಗಳನ್ನು ಹಿಡಿದು ಅವಳ ಬಳಿ ಬಂದರು. ಅವರ ಪತ್ನಿಗೆ ಸ್ತನ ಕ್ಯಾನ್ಸರ್ ಆಗಿ ಶಸ್ತ್ರಚಿಕಿತ್ಸೆ ಮುಗಿದಿದೆ. ‘ನೀನು ಕ್ಯಾನ್ಸರಿಗೆ ಔಷಧ ಕಂಡುಹಿಡಿದಿದ್ದೀಯಂತೆ, ನಿನ್ನ ಪುಡಿ ಒಂದಿಷ್ಟು ಕೊಡವ್ವ, ನೀನೇನು ಹೊರಗಿನವಳೇ’ ಎಂದು ಕೇಳಿದರು. ಮಗಳಿಗೆ ಬಾಯಿಂದ ಮಾತೇ ಹೊರಡಲಿಲ್ಲ. ಮನೆಗೆ ಬರುವ ದಾರಿಯಲ್ಲಿ, ‘ಅಪ್ಪಾ, ನನ್ನ ಕೆಲಸವನ್ನು ಕನ್ನಡದಲ್ಲಿ ನಾಲ್ಕು ವಾಕ್ಯ ಹೇಳುವುದಕ್ಕೆ ನನಗೆ ಬರಲಿಲ್ಲವಲ್ಲ’ ಎಂದಳು. ಕನ್ನಡದ ಮೇಷ್ಟ್ರಿಗೆ ಇದಕ್ಕಿಂತ ಚುಚ್ಚುವ ಮಾತು ಇನ್ನೊಂದಿಲ್ಲ.

ನನ್ನ ಪ್ರಶ್ನೆ ಎರಡು. ಇಂಥ ಕೆಲಸವನ್ನು ಮನೆಮಂದಿಗೆ ತಿಳಿಯುವಂತೆ ಹೇಳುವುದು ಹೇಗೆ? ಎರಡನೆಯದನ್ನು ಮಗಳ ಮುಂದೆ ಕೇಳುವ ಧೈರ್ಯವಿಲ್ಲದೆ ಇಲ್ಲಿ ಕೇಳುತ್ತಿದ್ದೇನೆ: ಈ 42 ಪುಡಿಗಳಲ್ಲಿ ಯಾವುದಾದರೂ ಒಬ್ಬ ರೋಗಿಯ ಬಾಯಿಗೆ ಎಂದಾದರೂ ಹೋಗುತ್ತದೆಯೇ?

ಏಳುಸುತ್ತಿನವಳು

ಮೇಷ್ಟ್ರೇ, ಮೊದಲು ಒಂದು ಮಾತು. ಪುಡಿಯನ್ನು ಕೊಡದೆ ಸುಮ್ಮನೆ ನಿಂತ ನಿಮ್ಮ ಮಗಳು ಸರಿಯಾದದ್ದನ್ನೇ ಮಾಡಿದ್ದಾರೆ. ಮನುಷ್ಯರಲ್ಲಿ ಪರೀಕ್ಷೆಯಾಗದ ವಸ್ತುವನ್ನು ಎಷ್ಟೇ ಹತ್ತಿರದವರಿಗಾದರೂ ಕೊಡುವಂತಿಲ್ಲ.

ನಾನು ಚಿತ್ರದುರ್ಗದವಳು, ಕಿಣ್ವಗಳ ಮೇಲೆಯೇ ಕೆಲಸ ಮಾಡುವವಳು. ಮನೆಯಲ್ಲಿ ವಿವರಿಸುವಾಗ ಕೋಟೆಯ ಓಬವ್ವನ ಕಿಂಡಿಯನ್ನು ನೆನೆಯುತ್ತೇನೆ. ಕಿಣ್ವವೆಂದರೆ ಸಾವಿರಾರು ಪರಮಾಣುಗಳು ಸುತ್ತಿ ಸುತ್ತಿ ಕೋಟೆಯಂತೆ ಮಡಚಿಕೊಂಡ ಪ್ರೋಟೀನು. ಅಷ್ಟು ದೊಡ್ಡ ಕೋಟೆಯಲ್ಲಿ ನಿಜವಾದ ಕೆಲಸ ನಡೆಯುವುದು ಒಂದು ಸಣ್ಣ ಕಿಂಡಿಯಲ್ಲಿ ಮಾತ್ರ. ಅದರ ಅಳತೆಗೆ ತಕ್ಕ ಅಣು ಬಂದು ಕೂರುತ್ತದೆ, ಕತ್ತರಿಸಿಕೊಂಡೋ ಜೋಡಿಸಿಕೊಂಡೋ ಬೇರೆಯ ರೂಪದಲ್ಲಿ ಹೊರಗೆ ಹೋಗುತ್ತದೆ, ಮತ್ತೊಂದು ಬರುತ್ತದೆ. ಬೀಗ ಮತ್ತು ಕೀಲಿಕೈಯ ಹೋಲಿಕೆಯನ್ನು ಎಮಿಲ್ ಫಿಶರ್ 1894ರಲ್ಲಿಯೇ ಕೊಟ್ಟಿದ್ದರು. ನಮಗೆ ಕಿಂಡಿಯೇ ಹತ್ತಿರ. ಪ್ರತಿಬಂಧಕವೆಂದರೆ ಆ ಕಿಂಡಿಯಲ್ಲಿ ಬಂದು ಕುಳಿತು, ತಾನೂ ಮುಂದೆ ಹೋಗದೆ ಇತರರಿಗೂ ದಾರಿ ಬಿಡದ ಅಣು. ಅಂಥ ಅಣುವನ್ನು ಊಹಿಸಿ, ಕಟ್ಟಿ, ಅಳತೆ ಸರಿಯಿಲ್ಲವೆಂದು ಕಂಡರೆ ಒಂದು ಮೂಲೆಯನ್ನು ಕಿತ್ತು ಇನ್ನೊಂದನ್ನು ಅಂಟಿಸಿ ಮತ್ತೆ ನೋಡುವವರು ಔಷಧ ರಸಾಯನಜ್ಞರು. ನಿಮ್ಮ ಮಗಳ 42 ಅಣುಗಳು ಬಹುಶಃ 42 ಬೇರೆ ಬೇರೆ ಕಲ್ಪನೆಗಳಲ್ಲ, ಒಂದೇ ಕಲ್ಪನೆಯ 42 ತಿದ್ದುಪಡಿಗಳು.

ಹಳೇ ಮಿಲ್ಲಿನ ಚಿಮಣಿ

ಹೋಲಿಕೆ ಸೊಗಸಾಗಿದೆ, ಆದರೆ ತಪ್ಪಾಗಿದೆ. ಓಬವ್ವ ಕಿಂಡಿಯಲ್ಲಿ ಕುಳಿತಿರಲಿಲ್ಲ. ಪಕ್ಕದಲ್ಲಿ ಒನಕೆ ಹಿಡಿದು ನಿಂತು, ತೂರಿ ಬಂದವರನ್ನು ಕೊಂದಳು. ನಿಮ್ಮ ಲೆಕ್ಕದಲ್ಲಿ ಆಕೆಯೇ ಕಿಣ್ವವಾಗುತ್ತಾಳೆ.

ಏಳುಸುತ್ತಿನವಳು

ಒಪ್ಪಿದೆ. ಹಾಗಾದರೆ ಪ್ರತಿಬಂಧಕವು ಕಿಂಡಿಯಲ್ಲಿ ಸಿಕ್ಕಿಕೊಂಡ ಸ್ಥೂಲದೇಹದ ಸಿಪಾಯಿ ಎಂದು ತಿದ್ದಿಕೊಳ್ಳಿ. ಅವನಿಂದ ಹೈದರಾಲಿಗೂ ಉಪಯೋಗವಿಲ್ಲ, ಓಬವ್ವನಿಗೂ ಕೆಲಸವಿಲ್ಲ.

ಜಗಳೂರಿನ ಮೆಕ್ಕೆಜೋಳ

ನಾನು ಒಕ್ಕಲುತನ ಮಾಡುವವನು. ಬೆಳೆಗೆ ಹೊಡೆಯುವ ಔಷಧಿಯ ಕಂಪನಿಯವರು ಹಿಂದೊಮ್ಮೆ ಊರಿಗೆ ಬಂದಿದ್ದಾಗ, ‘ಇದು ಹುಳುವಿನ ನರದ ಕಿಣ್ವವನ್ನು ಬಂದ್ ಮಾಡುತ್ತದೆ’ ಎಂದು ಹೇಳಿದ್ದು ನೆನಪಿದೆ. ಹಾಗಾದರೆ ಮೇಷ್ಟ್ರ ಮಗಳು ಮಾಡುತ್ತಿರುವುದೂ ನಾವು ಹೊಲಕ್ಕೆ ಹೊಡೆಯುವುದೂ ಒಂದೇ ಜಾತಿಯೇ? ತಮಾಷೆಗೆ ಕೇಳುತ್ತಿಲ್ಲ. ನಾವು ಎರಡನ್ನೂ ‘ಔಷಧಿ’ ಎಂದೇ ಕರೆಯುತ್ತೇವೆ.

ತುರ್ತು ವಾರ್ಡು

ಒಂದೇ ಜಾತಿ, ಬೇರೆ ಕುಲ. ಈ ಎಳೆಯಲ್ಲಿ ಇದುವರೆಗೆ ಬಂದ ಅತ್ಯುತ್ತಮ ಪ್ರಶ್ನೆ ಇದು.

ಮೊನೋಕ್ರೊಟೊಫಾಸ್‌ನಂಥ ಆರ್ಗನೋಫಾಸ್ಫೇಟ್ ಕೀಟನಾಶಕಗಳು ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ತಡೆಯುತ್ತವೆ. ನರದ ತುದಿಯಲ್ಲಿ ಸುರಿದ ಸಂದೇಶದ ರಾಸಾಯನಿಕವನ್ನು ಕ್ಷಣಮಾತ್ರದಲ್ಲಿ ಗುಡಿಸಿ ಹಾಕುವುದು ಆ ಕಿಣ್ವದ ಕೆಲಸ. ಗುಡಿಸುವವನೇ ಇಲ್ಲವಾದಾಗ ನರ ಒಂದೇ ಸಮನೆ ಕೂಗುತ್ತಿರುತ್ತದೆ. ಕಣ್ಣುಪಾಪೆ ಚುಕ್ಕೆಯಷ್ಟಾಗುತ್ತದೆ, ಬಾಯಲ್ಲಿ ನೊರೆ ಬರುತ್ತದೆ, ಉಸಿರಾಟ ಸೋಲುತ್ತದೆ. ಮುಖಕ್ಕೆ ಬಟ್ಟೆಯನ್ನೂ ಕಟ್ಟದೆ ಗಾಳಿಗೆದುರಾಗಿ ಸಿಂಪಡಿಸಿ ಬಂದ ರೈತರನ್ನು ಈ ಸ್ಥಿತಿಯಲ್ಲಿ ನಾನು ಕಂಡಿದ್ದೇನೆ. ಆಗ ನಾವು ಕೊಡುವುದು ಅಟ್ರೊಪಿನ್, ಜೊತೆಗೆ ಪ್ರಾಲಿಡಾಕ್ಸಿಮ್. ಎರಡನೆಯದು ಕಿಣ್ವಕ್ಕೆ ಅಂಟಿದ ರಂಜಕದ ತುಂಡನ್ನು ಎಳೆದು ತೆಗೆಯುವ ಅಣು. ತಡಮಾಡಿದರೆ ಆ ಅಂಟು ‘ಬಲಿತು’ಬಿಡುತ್ತದೆ, ಆಮೇಲೆ ಎಳೆದರೂ ಬರುವುದಿಲ್ಲ. ಆದ್ದರಿಂದ ಸಿಂಪಡಿಸಿದ ಮೇಲೆ ಬೆವರು, ಜೊಲ್ಲು, ಕಣ್ಣು ಮಂಜಾಗುವುದು ಕಂಡರೆ ಮನೆಯಲ್ಲಿ ಮಜ್ಜಿಗೆ ಕುಡಿಸುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಕರೆತನ್ನಿ.

ಇದೇ ಕಿಣ್ವವನ್ನು ಮೆಲ್ಲಗೆ, ಬಿಟ್ಟುಹೋಗುವಂತೆ ಹಿಡಿಯುವ ಡೊನೆಪೆಜಿಲ್ ಎಂಬ ಅಣುವನ್ನು ಮರೆವಿನ ರೋಗಕ್ಕೆ ಬರೆದುಕೊಡುತ್ತೇವೆ. ಕಿಣ್ವ ಒಂದೇ, ಕಿಂಡಿಯೂ ಒಂದೇ. ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ, ಬೇರೆ ಯಾರನ್ನು ಮುಟ್ಟದೆ ಬಿಡುತ್ತದೆ ಎಂಬುದರಲ್ಲಿ ವಿಷಕ್ಕೂ ಮದ್ದಿಗೂ ಇರುವ ಅಂತರವೆಲ್ಲ ಅಡಗಿದೆ.

ಪಾಠದ ಹಲಗೆ

ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸುವವನಾಗಿ ಒಂದು ಹೆಸರನ್ನು ಇಲ್ಲಿ ತರಲೇಬೇಕು: ಯಲ್ಲಾಪ್ರಗಡ ಸುಬ್ಬರಾವ್. ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿ, ಅಮೆರಿಕದ ಹಾರ್ವರ್ಡ್‌ನಲ್ಲಿ ದುಡಿದು, ನಂತರ ಲೆಡರ್ಲೆ ಪ್ರಯೋಗಾಲಯದಲ್ಲಿ ಸಂಶೋಧನೆಯ ನೇತೃತ್ವ ವಹಿಸಿದವರು. ರಂಜಕದ ಅಂಶವನ್ನು ಅಳೆಯುವ ಫಿಸ್ಕ್–ಸುಬ್ಬರಾವ್ ವಿಧಾನವನ್ನು ಜೀವರಸಾಯನದ ವಿದ್ಯಾರ್ಥಿಗಳು ಕೇಳಿಯೇ ಇರುತ್ತಾರೆ, ಅದು 1925ರದು.

ಕೋಶ ಎರಡಾಗಬೇಕಾದರೆ ಫೋಲಿಕ್ ಆಮ್ಲ ಬೇಕು. ಅದನ್ನು ಬಳಕೆಗೆ ತಕ್ಕ ರೂಪಕ್ಕೆ ತರುವುದು ಡೈಹೈಡ್ರೊಫೋಲೇಟ್ ರಿಡಕ್ಟೇಸ್ ಎಂಬ ಕಿಣ್ವ. ಫೋಲಿಕ್ ಆಮ್ಲದ ಅಣುವಿನಲ್ಲಿ ಒಂದು ಜಾಗದ ಆಮ್ಲಜನಕವನ್ನು ತೆಗೆದು ಅಮೈನೊ ಗುಂಪನ್ನು ಇಟ್ಟರೆ ಅಮೈನಾಪ್ಟೆರಿನ್. ಅದಕ್ಕೆ ಒಂದು ಮೀಥೈಲ್ ಗುಂಪನ್ನು ಸೇರಿಸಿದರೆ ಮೆಥೊಟ್ರೆಕ್ಸೇಟ್. ಎರಡೂ ಸುಬ್ಬರಾವ್ ಅವರ ತಂಡದ ಕೆಲಸ. ಕಿಣ್ವಕ್ಕೆ ಇದು ಫೋಲಿಕ್ ಆಮ್ಲವೆಂದೇ ಕಾಣುತ್ತದೆ, ಬರಮಾಡಿಕೊಂಡು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ, ಆಮೇಲೆ ಬಿಡಿಸಿಕೊಳ್ಳಲಾರದು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರಿನ 16 ಮಕ್ಕಳಿಗೆ ಅಮೈನಾಪ್ಟೆರಿನ್ ಕೊಟ್ಟು, 10 ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಹಿಂದೆ ಸರಿದದ್ದನ್ನು 1948ರಲ್ಲಿ ವರದಿ ಮಾಡಿದರು. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಹೊಲಿಗೆಯ ಒಂದೇ ಒಂದು ಗುಂಡಿಯನ್ನು ಬದಲಿಸಿದಂಥ ಕೆಲಸ ಅದು, ಮೇಷ್ಟ್ರೇ.

ಏಳುಸುತ್ತಿನವಳು

ಒಂದು ತಿದ್ದುಪಡಿ. ನಮ್ಮವರೆಂಬ ಅಭಿಮಾನದಲ್ಲಿ ಸುಬ್ಬರಾವ್ ಒಬ್ಬರೇ ಮೆಥೊಟ್ರೆಕ್ಸೇಟ್ ಕಟ್ಟಿದರೆಂದು ಬರೆಯುವವರು ಬಹಳ ಮಂದಿ. ಅವರು ಮುನ್ನಡೆಸಿದ್ದು ತಂಡವನ್ನು. ಬಟ್ಟಲು ಹಿಡಿದು ಆ ಅಣುಗಳನ್ನು ತಯಾರಿಸಿದವರಲ್ಲಿ ಡೋರಿಸ್ ಸೀಗರ್ ಎಂಬ ರಸಾಯನಜ್ಞೆ ಮುಖ್ಯರು; 1947ರ ಅವರ ಪ್ರಬಂಧವೇ ಇದೆ.

ಪಾಠದ ಹಲಗೆ

ಸರಿ. ನಾನು ‘ನೇತೃತ್ವ’ ಎಂದೇ ಬರೆದಿದ್ದೆ, ಆದರೂ ಸೀಗರ್ ಅವರ ಹೆಸರು ಬರಬೇಕಾಗಿತ್ತು.

ಮದ್ದಿನಂಗಡಿ

ಮೆಥೊಟ್ರೆಕ್ಸೇಟ್ ಮಾತು ಬಂದದ್ದರಿಂದ ಅಂಗಡಿಯವನ ಒಂದು ಎಚ್ಚರಿಕೆ. ಕೀಲುವಾತಕ್ಕೆ ಇದನ್ನು ಸಣ್ಣ ಪ್ರಮಾಣದಲ್ಲಿ ವಾರಕ್ಕೆ ಒಂದೇ ದಿನ ಕೊಡುತ್ತಾರೆ. ಉಳಿದ ಮಾತ್ರೆಗಳಂತೆ ದಿನವೂ ನುಂಗಿ ಪ್ರಾಣಕ್ಕೆ ಕುತ್ತು ತಂದುಕೊಂಡವರು ಇದ್ದಾರೆ. ನಿಮ್ಮ ಮನೆಯಲ್ಲಿ ಯಾರಾದರೂ ತೆಗೆದುಕೊಳ್ಳುತ್ತಿದ್ದರೆ ನುಂಗುವ ದಿನದ ಹೆಸರನ್ನು ಮಾತ್ರೆಯ ಪಟ್ಟಿಯ ಮೇಲೆ ಕನ್ನಡದಲ್ಲಿ ದಪ್ಪಗೆ ಬರೆದಿಡಿ.

ಹಳೇ ಮಿಲ್ಲಿನ ಚಿಮಣಿ

ಇತಿಹಾಸದ ಹೊಗಳಿಕೆ ಸಾಕು. ಮೇಷ್ಟ್ರು ಕೇಳಿದ ಎರಡನೆಯ ಪ್ರಶ್ನೆಗೆ ಯಾರೂ ನೇರವಾಗಿ ಉತ್ತರಿಸಿಲ್ಲ, ನಾನು ಉತ್ತರಿಸುತ್ತೇನೆ. ನಾನೂ ಹತ್ತು ವರ್ಷಗಳ ಹಿಂದೆ ಇದೇ ದಾರಿಯಲ್ಲಿ ನಡೆದು, ಪದವಿ ಪಡೆದು, ಈಗ ಬೇರೆ ಉದ್ಯೋಗದಲ್ಲಿರುವವನು.

ನಮ್ಮಲ್ಲಿ ನಡೆಯುವುದು ಹೀಗೆ. ಸಾರಜನಕವಿರುವ ಒಂದು ಉಂಗುರವನ್ನು ಆರಿಸಿಕೊಳ್ಳಬೇಕು, ಅದರ ಸುತ್ತ ಕ್ಲೋರಿನ್, ಮೀಥಾಕ್ಸಿ, ನೈಟ್ರೊ ಎಂದು ಒಂದೊಂದು ಬಾಲ ಅಂಟಿಸಬೇಕು, ಕಂಪ್ಯೂಟರಿನಲ್ಲಿ ಕಿಣ್ವದ ಚಿತ್ರದೊಳಗೆ ಕೂರಿಸಿ ಅಂಕ ಪಡೆಯಬೇಕು, ಬಟ್ಟಲಿನ ಕ್ಯಾನ್ಸರ್ ಕೋಶಗಳ ಮೇಲೆ ಸುರಿಯಬೇಕು, ಸತ್ತವು ಎಂದು ಬರೆಯಬೇಕು. ಬಟ್ಟಲಿನಲ್ಲಿರುವ ಕೋಶ ಉಪ್ಪಿನಕಾಯಿಯ ರಸಕ್ಕೂ ಸಾಯುತ್ತದೆ! ಇನ್ನು ಕೋಶ ಸತ್ತಿತೇ ಎಂದು ನೋಡಲು ಮಾಡುವ ಎಂಟಿಟಿ ಎಂಬ ಬಣ್ಣದ ಪರೀಕ್ಷೆ ಅಳೆಯುವುದು ಸಾವನ್ನಲ್ಲ. ಹಳದಿ ಬಣ್ಣದ ವಸ್ತುವನ್ನು ಬದುಕಿರುವ ಕೋಶದ ಕಿಣ್ವಗಳು ನೇರಳೆಯಾಗಿಸುತ್ತವೆ, ನೇರಳೆ ಕಡಿಮೆಯಾದರೆ ಕೋಶ ಸತ್ತಿರಬಹುದು, ಸುಸ್ತಾಗಿರಬಹುದು, ಅಥವಾ ನೀವು ಹಾಕಿದ ಪುಡಿಯೇ ಬಣ್ಣದೊಂದಿಗೆ ಆಟವಾಡಿರಬಹುದು. ಯಾವ ಪರೀಕ್ಷೆಗೆ ಹಾಕಿದರೂ ‘ಫಲ’ ತೋರಿಸುವ ಇಂಥ ಮೋಸದ ರಚನೆಗಳ ಪಟ್ಟಿಯನ್ನು ಆಸ್ಟ್ರೇಲಿಯಾದ ಬೇಲ್ ಮತ್ತು ಹಾಲೊವೆ 2010ರಲ್ಲಿಯೇ ಪ್ರಕಟಿಸಿದ್ದಾರೆ. ನಮ್ಮ ಅರಿಶಿನದ ಕರ್ಕ್ಯುಮಿನ್ ಕೂಡ ಇದೇ ಗುಂಪಿನ ಗಿರಾಕಿ. ಸಾವಿರಾರು ಪ್ರಬಂಧಗಳಿವೆ, ಅದರಿಂದ ಬಂದ ಕ್ಯಾನ್ಸರ್ ಔಷಧ ಒಂದೂ ಇಲ್ಲ.

ಆದ್ದರಿಂದ ನನ್ನ ಉತ್ತರ: 42ರಲ್ಲಿ ಒಂದೂ ರೋಗಿಯ ಬಾಯಿಗೆ ಹೋಗುವುದಿಲ್ಲ. ಕಟುವೆನಿಸಿದರೆ ಕ್ಷಮಿಸಿ.

ಏಳುಸುತ್ತಿನವಳು

ಕಟುವೂ ಹೌದು, ಅರ್ಧ ನಿಜವೂ ಹೌದು. ಕಳಪೆ ಪ್ರಬಂಧಗಳ ಬಗ್ಗೆ ನೀವು ಹೇಳಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ‘ಔಷಧವಾಗದಿದ್ದರೆ ಕೆಲಸವೇ ವ್ಯರ್ಥ’ ಎಂಬ ಅಳತೆಗೋಲನ್ನು ಒಪ್ಪಲಾರೆ. ಯಾವ ಮೂಲೆಗೆ ಏನನ್ನು ಅಂಟಿಸಿದರೆ ಹಿಡಿತ ಸಡಿಲವಾಗುತ್ತದೆ ಎಂಬುದೂ ತಿಳಿವಳಿಕೆಯೇ. ನೀರು ಬೀಳದ ಕೊಳವೆಬಾವಿಯೂ ಅಲ್ಲಿ ನೀರಿಲ್ಲವೆಂಬುದನ್ನು ತಿಳಿಸುತ್ತದೆ.

ಹಳೇ ಮಿಲ್ಲಿನ ಚಿಮಣಿ

ನೀರು ಬೀಳದ ಕೊಳವೆಬಾವಿಗೆ ಸಾಲ ಮಾಡಿದ ರೈತನನ್ನು ಕೇಳಿ ನೋಡಿ.

ಜಗಳೂರಿನ ಮೆಕ್ಕೆಜೋಳ

ಕೇಳಬೇಕಾಗಿಲ್ಲ, ಇಲ್ಲಿಯೇ ಇದ್ದೇನೆ. ನನ್ನವು ಮೂರು ಬಿದ್ದುಹೋಗಿವೆ.

ದಿನಕ್ಕೊಂದು ಮಾತ್ರೆ

ನಾನು ಈ ವೇದಿಕೆಯಲ್ಲಿ ಓದುವವಳೇ ಹೊರತು ಬರೆಯುವವಳಲ್ಲ, ಆದರೆ ಇಂದು ಬರೆಯಬೇಕೆನಿಸಿತು. ಒಂಬತ್ತು ವರ್ಷಗಳ ಹಿಂದೆ ನನಗೆ ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಒಂದು ಬಗೆಯ ರಕ್ತ ಕ್ಯಾನ್ಸರ್, ಇದೆಯೆಂದು ತಿಳಿಯಿತು. ಆಗ ಮಗ ಐದನೆಯ ತರಗತಿ. ಅಂದಿನಿಂದ ದಿನಕ್ಕೆ 400 ಮಿಲಿಗ್ರಾಮಿನ ಒಂದು ಇಮ್ಯಾಟಿನಿಬ್ ಮಾತ್ರೆಯನ್ನು ಊಟದ ಜೊತೆ ದೊಡ್ಡ ಲೋಟ ನೀರಿನಲ್ಲಿ ನುಂಗುತ್ತಿದ್ದೇನೆ. ಬೆಳಿಗ್ಗೆ ಕಣ್ಣಿನ ಸುತ್ತ ಊದಿಕೊಂಡಿರುತ್ತದೆ, ಕೆಲವೊಮ್ಮೆ ಕಾಲಿನ ಸ್ನಾಯು ಹಿಡಿದುಕೊಳ್ಳುತ್ತದೆ, ನಿಗದಿತ ಅವಧಿಗೊಮ್ಮೆ ರಕ್ತ ಪರೀಕ್ಷೆಗೆ ಹೋಗುತ್ತೇನೆ. ಅಷ್ಟು ಬಿಟ್ಟರೆ ಮನೆ, ಹೊಲಿಗೆ, ಅಡುಗೆ ಎಲ್ಲವೂ ನಡೆದಿದೆ. ಮಗ ಈಗ ಕಾಲೇಜಿನಲ್ಲಿದ್ದಾನೆ.

ಈ ಮಾತ್ರೆ ಒಂದು ಕಿಣ್ವವನ್ನು ತಡೆಯುತ್ತದೆಂದು ವೈದ್ಯರು ಹೇಳಿದ್ದರು, ನಾನು ತಲೆಯಾಡಿಸಿದ್ದೆ. ಅದನ್ನು ಯಾರೋ ಹೀಗೆ ಮೂಲೆ ಮೂಲೆ ಕಿತ್ತು ಅಂಟಿಸಿ ಮಾಡಿರುತ್ತಾರೆಂದು ಎಂದೂ ಯೋಚಿಸಿರಲಿಲ್ಲ. ಇಮ್ಯಾಟಿನಿಬ್ ವಿಷಯದಲ್ಲಿಯೂ ಹಾಗೆಯೇ ಆಯಿತೇ? ತಿಳಿದವರು ಹೇಳಿ.

ಪಾಠದ ಹಲಗೆ

ತಾಯೀ, ನಿಮ್ಮ ಮಾತ್ರೆಯ ಕಥೆಯನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ಅದನ್ನು ನುಂಗುವವರಿಗೇ ಹೇಳುವ ಅವಕಾಶ ಇದೇ ಮೊದಲು.

ಫಿಲಡೆಲ್ಫಿಯಾದಲ್ಲಿ ನೋವೆಲ್ ಮತ್ತು ಹಂಗರ್‌ಫರ್ಡ್ 1960ರಲ್ಲಿ ಈ ರೋಗಿಗಳ ರಕ್ತಕೋಶದಲ್ಲಿ ಕುಳ್ಳಗಿನ ಒಂದು ವರ್ಣತಂತುವನ್ನು ಕಂಡರು. ಅದು ಸುಮ್ಮನೆ ತುಂಡು ಕಳೆದುಕೊಂಡು ಕುಳ್ಳಾದದ್ದಲ್ಲ, 9 ಮತ್ತು 22ನೆಯ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡಿವೆ ಎಂದು 1973ರಲ್ಲಿ ಶಿಕಾಗೊದ ಜಾನೆಟ್ ರೌಲಿ ತೋರಿಸಿದರು. ಆ ಬೆಸುಗೆಯಿಂದ ಹುಟ್ಟುವುದು ಬಿಸಿಆರ್–ಎಬಿಎಲ್ ಎಂಬ ಸದಾ ಚಾಲೂ ಇರುವ ಕಿಣ್ವ. ಸ್ವಿಟ್ಜರ್ಲೆಂಡಿನ ಕಂಪನಿಯ ರಸಾಯನಜ್ಞರು ಹಿಡಿದು ಹೊರಟ ಮೊದಲ ಅಣು ಪ್ರೋಟೀನ್ ಕೈನೇಸ್ ಸಿ ಎಂಬ ಬೇರೆಯದೇ ಕಿಣ್ವವನ್ನು ತಡೆಯುತ್ತಿತ್ತು. ಅದರ ಒಂದು ಬೆಂಜೀನ್ ಉಂಗುರಕ್ಕೆ ಪುಟ್ಟ ಮೀಥೈಲ್ ಗುಂಪನ್ನು ಅಂಟಿಸಿದಾಗ ಅಣುವು ಮೈ ತಿರುಚಿಕೊಂಡು, ಆ ಹಳೆಯ ಕಿಣ್ವವನ್ನು ಬಿಟ್ಟು ನಮಗೆ ಬೇಕಾದದ್ದನ್ನೇ ಹಿಡಿಯತೊಡಗಿತು. ಆದರೆ ನೀರಿನಲ್ಲಿ ಕರಗಲಿಲ್ಲ. ಆಗ ಮೀಥೈಲ್ ಪೈಪರಜಿನ್ ಎಂಬ ಬಾಲವನ್ನು ಜೋಡಿಸಿದರು, ಕರಗಿತು. ಅಮೆರಿಕದ ವೈದ್ಯ ಬ್ರಯನ್ ಡ್ರೂಕರ್ ಅವರ ಹಟದಿಂದ 1998ರಲ್ಲಿ ರೋಗಿಗಳಲ್ಲಿ ಪರೀಕ್ಷೆ ಆರಂಭವಾಗಿ, 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕುಳ್ಳ ವರ್ಣತಂತುವಿನಿಂದ ಮಾತ್ರೆಯವರೆಗೆ 41 ವರ್ಷ.

ಮದ್ದಿನಂಗಡಿ

ಮಾತ್ರೆಯಿಂದ ನಮ್ಮೂರಿನವರೆಗಿನ ದಾರಿಯನ್ನೂ ಹೇಳಬೇಕು. ಮೂಲ ಕಂಪನಿಯಾದ ನೊವಾರ್ಟಿಸ್‌ನ ಮಾತ್ರೆಗೆ ಆಗಿನ ವರದಿಗಳ ಪ್ರಕಾರ ತಿಂಗಳಿಗೆ ಲಕ್ಷ ರೂಪಾಯಿ ಮೀರುತ್ತಿತ್ತು. ಭಾರತೀಯ ಕಂಪನಿಗಳದ್ದು ಹತ್ತು ಸಾವಿರದ ಆಸುಪಾಸಿನಲ್ಲಿತ್ತು. ಇಮ್ಯಾಟಿನಿಬ್‌ನ ಬೀಟಾ ಹರಳಿನ ರೂಪಕ್ಕೆ ನೊವಾರ್ಟಿಸ್ ಕೇಳಿದ ಪೇಟೆಂಟನ್ನು ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ಗೊತ್ತಿರುವ ವಸ್ತುವಿನ ಹೊಸ ರೂಪವು ಚಿಕಿತ್ಸೆಯಲ್ಲಿ ಹೆಚ್ಚು ಫಲಕಾರಿಯೆಂದು ತೋರದಿದ್ದರೆ ಪೇಟೆಂಟ್ ಇಲ್ಲವೆನ್ನುವ, ನಮ್ಮ ಪೇಟೆಂಟ್ ಕಾಯ್ದೆಯ 3(ಡಿ) ಕಲಮು ಅಲ್ಲಿ ಕೆಲಸ ಮಾಡಿತು.

ಹೊಸದುರ್ಗದ ಬೇರು

ಇಷ್ಟೆಲ್ಲ ಸರ್ಕಸ್ ಏಕೆ? ನಮ್ಮ ಹಿತ್ತಲಿನ ನಿತ್ಯಪುಷ್ಪದಲ್ಲಿಯೇ ಕ್ಯಾನ್ಸರಿನ ಮದ್ದಿದೆ. ನಮ್ಮಜ್ಜಿ ಸಕ್ಕರೆ ಕಾಯಿಲೆಗೆ ಅದರ ಎಲೆ ಅಗಿಯುತ್ತಿದ್ದರು. ಪ್ರಕೃತಿ ಕೊಟ್ಟದ್ದನ್ನು ಬಿಟ್ಟು ಕಾರ್ಖಾನೆಯ ಪುಡಿಗೆ ಕೈಯೊಡ್ಡುವುದೇ ನಮ್ಮ ಹಣೆಬರಹ.

ಏಳುಸುತ್ತಿನವಳು

ಅಜ್ಜಿಯ ಮಾತನ್ನು ಹಿಡಿದೇ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ 1950ರ ದಶಕದಲ್ಲಿ ಹೊರಟದ್ದು. ಸಕ್ಕರೆ ಇಳಿಯಲಿಲ್ಲ, ಇಲಿಗಳ ಬಿಳಿ ರಕ್ತಕಣಗಳು ಇಳಿದವು. ಹಾಗೆ ಸಿಕ್ಕಿದ್ದು ವಿನ್‌ಬ್ಲಾಸ್ಟಿನ್; ಅದರ ಸೋದರಿ ವಿನ್‌ಕ್ರಿಸ್ಟಿನ್ ಇಂದಿಗೂ ಮಕ್ಕಳ ರಕ್ತ ಕ್ಯಾನ್ಸರಿಗೆ ಬೇಕು. ಆದರೆ ಒಂದೆರಡು ಗ್ರಾಮಿಗೆ ಮೂಟೆಗಟ್ಟಲೆ ಒಣ ಎಲೆ ಬೇಕು, ಮತ್ತು ಅಳತೆ ಮೀರಿದರೆ ಅದು ನರಗಳನ್ನು ಕೆಡಿಸುವ ವಿಷ. ದಯವಿಟ್ಟು ಎಲೆ ಅಗಿಯಬೇಡಿ. ಅಂದಹಾಗೆ ಇವು ಕಿಣ್ವಪ್ರತಿಬಂಧಕಗಳಲ್ಲ, ಕೋಶ ಸೀಳುವಾಗ ಎಳೆಯುವ ಹಗ್ಗದಂಥ ಟ್ಯುಬ್ಯುಲಿನ್ ಪ್ರೋಟೀನನ್ನು ಹಿಡಿಯುವಂಥವು.

ನಿಮ್ಮ ವಾದಕ್ಕೆ ಇನ್ನೂ ಒಳ್ಳೆಯ ಸಾಕ್ಷಿ ಪಶ್ಚಿಮಘಟ್ಟದ ದುರ್ವಾಸನೆ ಮರ. ಅದರಲ್ಲಿ ಕ್ಯಾಂಪ್ಟೊಥೆಸಿನ್ ಇದೆ. ಮೊದಲು ಈ ಅಣುವನ್ನು ಚೀನಾ ಮೂಲದ ಮರವೊಂದರಿಂದ ವಾಲ್ ಮತ್ತು ವಾಣಿ 1966ರಲ್ಲಿ ಬಿಡಿಸಿದ್ದರು. ಡಿಎನ್‌ಎಯ ಸಿಕ್ಕು ಬಿಡಿಸುವ ಟೊಪೊಐಸೊಮರೇಸ್ ಕಿಣ್ವವು ಎಳೆಯನ್ನು ಕತ್ತರಿಸಿ ಮತ್ತೆ ಹೊಲಿಯುವ ಮುನ್ನ ಈ ಅಣು ನಡುವೆ ತೂರಿಕೊಳ್ಳುತ್ತದೆ, ಕತ್ತರಿ ಬಟ್ಟೆಯಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಆದರೆ ಪ್ರಕೃತಿ ಕೊಟ್ಟ ರೂಪ ನೀರಿನಲ್ಲಿ ಕರಗದು. ಕರಗುವಂತೆ ಮಾಡಿದ ಮೊದಲ ಲವಣ 1970ರ ದಶಕದ ಪರೀಕ್ಷೆಗಳಲ್ಲಿ ಮೂತ್ರಕೋಶವನ್ನು ಸುಟ್ಟಿತು. ರಸಾಯನಜ್ಞರು ಬಾಲ ಬದಲಿಸಿ ಇರಿನೊಟೆಕಾನ್, ಟೊಪೊಟೆಕಾನ್ ಮಾಡಿದ ಮೇಲೆಯೇ ಅದು ಮದ್ದಾದದ್ದು. ಮರವೂ ಬೇಕು, ಸರ್ಕಸ್ಸೂ ಬೇಕು.

ಚಳ್ಳಕೆರೆ ಗಾಣ

ನನ್ನದೊಂದು ಅಡ್ಡ ಪ್ರಶ್ನೆ. ನಮ್ಮ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿ ಹಲ್ಲು ಕಂದಿದವರು, ಮೂಳೆ ಬಿಗಿದವರು ಇದ್ದಾರೆ. ಮಾವನಿಗೆ ಕರುಳಿನ ಕ್ಯಾನ್ಸರಿಗೆ ಕೊಟ್ಟ ಔಷಧದ ಹೆಸರಿನಲ್ಲಿಯೂ ‘ಫ್ಲೋರೊ’ ಇತ್ತು. ಅದೇ ವಿಷವೇ?

ಪಾಠದ ಹಲಗೆ

ಅಲ್ಲ. ನೀರಿನಲ್ಲಿರುವುದು ಬಿಡಿ ಫ್ಲೋರೈಡ್ ಅಯಾನು. ಆ 5-ಫ್ಲೋರೊಯುರಾಸಿಲ್‌ನಲ್ಲಿ ಫ್ಲೋರಿನ್ ಇಂಗಾಲಕ್ಕೆ ಬಹಳ ಗಟ್ಟಿಯಾಗಿ ಬೆಸೆದುಕೊಂಡಿರುತ್ತದೆ. ಆ ಗಟ್ಟಿತನವೇ ಅದರ ಅಸ್ತ್ರ. ಥೈಮಿಡಿಲೇಟ್ ಸಿಂಥೇಸ್ ಕಿಣ್ವವು ಆ ಜಾಗದ ಜಲಜನಕವನ್ನು ಕಿತ್ತು ಮೀಥೈಲ್ ಇಡಬೇಕು. ಜಲಜನಕದಷ್ಟೇ ಪುಟ್ಟದಾಗಿ ಕಾಣುವ ಫ್ಲೋರಿನ್ ಅಲ್ಲಿ ಕುಳಿತಿದ್ದರೆ ಕಿಣ್ವ ಕೆಲಸ ಆರಂಭಿಸುತ್ತದೆ, ಮುಗಿಸಲಾರದೆ ಅಂಟಿಕೊಂಡೇ ಉಳಿಯುತ್ತದೆ. ಚಾರ್ಲ್ಸ್ ಹೈಡಲ್‌ಬರ್ಗರ್ 1957ರಲ್ಲಿ ಮಾಡಿದ ಉಪಾಯ ಇದು.

ಬಿಡಿ ಫ್ಲೋರೈಡೂ ಒಂದು ಕಿಣ್ವಪ್ರತಿಬಂಧಕವೇ. ಸಕ್ಕರೆ ಪರೀಕ್ಷೆಗೆ ರಕ್ತ ತೆಗೆಯುವಾಗ ಬೂದು ಮುಚ್ಚಳದ ಕೊಳವೆಗೆ ಹಾಕುತ್ತಾರಲ್ಲ, ಅದರಲ್ಲಿ ಸೋಡಿಯಂ ಫ್ಲೋರೈಡ್ ಇರುತ್ತದೆ. ಅದು ಎನೊಲೇಸ್ ಕಿಣ್ವವನ್ನು ತಡೆದು, ರಕ್ತಕಣಗಳು ಕೊಳವೆಯಲ್ಲಿಯೂ ಸಕ್ಕರೆ ತಿನ್ನುತ್ತ ಕೂರದಂತೆ ನೋಡಿಕೊಳ್ಳುತ್ತದೆ.

ಚನ್ನಗಿರಿ ಗೊನೆ

ಕ್ಯಾನ್ಸರ್ ಎಂದ ಕೂಡಲೇ ಇನ್ನು ಯಾರಾದರೂ ಅಡಿಕೆಯನ್ನು ಎಳೆದು ತರುವ ಮೊದಲು ಹೇಳುತ್ತಿದ್ದೇನೆ…

ನಿರ್ವಾಹಕ

ಅಡಿಕೆಗೆ ಬೇರೆ ಎಳೆ ಇದೆ, 400 ಉತ್ತರಗಳಾಗಿವೆ. ಇಲ್ಲಿ ಬೇಡ.

ನಲವತ್ತೆರಡನೆಯದು

ನಾನು ಮೇಷ್ಟ್ರ ಮಗಳು. ಅಪ್ಪ ಈ ಎಳೆ ಆರಂಭಿಸಿದ್ದನ್ನು ನಿನ್ನೆ ರಾತ್ರಿ ಅವರ ಮೊಬೈಲಿನಲ್ಲಿ ಕಂಡೆ. ಕೋಪ ಬರಬೇಕಾಗಿತ್ತು, ಬರಲಿಲ್ಲ.

ಚಿಮಣಿಯವರು ಬರೆದದ್ದರಲ್ಲಿ ಹೆಚ್ಚಿನದು ನಿಜ ಮತ್ತು ಅದನ್ನು ನಾನು ಅನುಭವದಿಂದಲೇ ಬಲ್ಲೆ. ನನ್ನ ಅಣುಗಳ ನಡುವೆ ಇರುವುದು ಕ್ವಿನಾಜೋಲಿನ್ ಉಂಗುರ. ಶ್ವಾಸಕೋಶದ ಕ್ಯಾನ್ಸರಿಗೆ ಕೊಡುವ ಜೆಫಿಟಿನಿಬ್ ಎಂಬ ಔಷಧದಲ್ಲಿ ಇರುವಂಥದ್ದೇ. ಇಪ್ಪತ್ತೇಳನೆಯ ಅಣು ಕಿಣ್ವದ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತು. ಕಿಣ್ವದ ಅರ್ಧದಷ್ಟು ಕೆಲಸವನ್ನು ನಿಲ್ಲಿಸಲು ಎಷ್ಟು ವಸ್ತು ಬೇಕೋ ಅದನ್ನು ಐಸಿ-50 ಎನ್ನುತ್ತೇವೆ, ಅದು ಕಡಿಮೆಯಾದಷ್ಟೂ ಒಳ್ಳೆಯದು. ನನ್ನದು ಕಡಿಮೆಯಿತ್ತು. ಎರಡು ವಾರ ನೆಲದ ಮೇಲೆ ಕಾಲಿಡಲಿಲ್ಲ. ಅಪ್ಪನಿಗೆ ಗೊತ್ತಿರುವ ‘ಪರವಾಗಿಲ್ಲ’ ಎಂಬ ಎರಡರಲ್ಲಿ ಅದೂ ಒಂದು.

ಆಮೇಲೆ ಹಿರಿಯ ಸಹಪಾಠಿಯೊಬ್ಬರು, ಅದೇ ಪರೀಕ್ಷೆಯನ್ನು ಟ್ರೈಟಾನ್ ಎಕ್ಸ್-100 ಎಂಬ ಮಾರ್ಜಕವನ್ನು ಶೇಕಡಾ 0.01ರಷ್ಟು ಸೇರಿಸಿ ಮತ್ತೆ ಮಾಡು ಎಂದರು. ಮಾಡಿದೆ. ಪ್ರತಿಬಂಧ ಮಾಯವಾಯಿತು. ನನ್ನ ಅಣು ಕಿಂಡಿಯಲ್ಲಿ ಕುಳಿತೇ ಇರಲಿಲ್ಲ. ನೀರಿನಲ್ಲಿ ಕರಗದೆ ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗಿ, ಆ ಉಂಡೆಗಳ ಮೈಗೆ ಕಿಣ್ವವೇ ಬಂದು ಅಂಟಿಕೊಂಡಿತ್ತು. ಸೋಪು ಬಿದ್ದ ಕೂಡಲೇ ಉಂಡೆ ಒಡೆದು ಕಿಣ್ವ ಬಿಡುಗಡೆಯಾಯಿತು. ಏಪ್ರಿಲ್ ತಿಂಗಳಿನ ದಾವಣಗೆರೆಯಲ್ಲಿ, ನಲ್ಲಿಯ ನೀರೇ ಕಾದು ಬರುವಾಗ ತಣ್ಣೀರಿಗಾಗಿ ಐಸ್ ತಂದು ಸುರಿದು ದ್ರಾವಕವನ್ನು ಆವಿಯಾಗಿಸಿ, ಹದಿನಾರು ಸಲ ಕಾಲಮ್ ಹಾಕಿ ಶುದ್ಧ ಮಾಡಿದ ಪುಡಿ ಅದು.

ಮದುವೆಮನೆಯಲ್ಲಿ ನನ್ನ ಬಾಯಿ ಕಟ್ಟಿದ್ದು ಅದಕ್ಕೇ. ಅವರು ಕೇಳಿದಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಇಪ್ಪತ್ತೇಳನೆಯದು. ‘ಅದು ಔಷಧವಲ್ಲ’ ಎಂದು ಹೇಳಲು ನನಗೆ ಕನ್ನಡ ಬರುತ್ತಿತ್ತು. ‘ಅದು ಏನೂ ಅಲ್ಲ’ ಎಂದು ಹೇಳಲು ಬರಲಿಲ್ಲ.

ಹಳೇ ಮಿಲ್ಲಿನ ಚಿಮಣಿ

ಮಾರ್ಜಕದ ಪರೀಕ್ಷೆಯನ್ನು ನೀವಾಗಿಯೇ ಮಾಡಿ, ಬಂದ ಫಲವನ್ನು ಒಪ್ಪಿಕೊಂಡಿರಿ. ನಾನಿದ್ದ ಕಡೆ ಯಾರೂ ಅದನ್ನು ಮಾಡಲಿಲ್ಲ, ನಾನೂ ಮಾಡಲಿಲ್ಲ, ಮಾಡದೆಯೇ ಪದವಿ ಪಡೆದೆ. ನನ್ನ ಹಿಂದಿನ ಬರಹದ ಕೊನೆಯ ಸಾಲನ್ನು ಹಿಂತೆಗೆದುಕೊಳ್ಳುವುದಿಲ್ಲ, ಆದರೆ ಧಾಟಿಯನ್ನು ಹಿಂತೆಗೆದುಕೊಳ್ಳುತ್ತೇನೆ.

ಮದ್ದಿನಂಗಡಿ

ಎಲ್ಲರೂ ಮುಖ್ಯವಾದದ್ದನ್ನೇ ಮರೆತಿರಿ. ಆ ಸಂಬಂಧಿಕರ ಪತ್ನಿಗೆ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಗಿದೆ ಎಂದಿರಿ. ಮುಟ್ಟು ನಿಂತ ವಯಸ್ಸಿನವರಾಗಿದ್ದು, ಗಡ್ಡೆ ಹಾರ್ಮೋನಿಗೆ ಸ್ಪಂದಿಸುವ ಜಾತಿಯದಾಗಿದ್ದರೆ, ಅವರು ದಿನವೂ ಲೆಟ್ರೊಜೋಲ್ 2.5 ಮಿಲಿಗ್ರಾಮ್ ಅಥವಾ ಅನಾಸ್ಟ್ರೊಜೋಲ್ ತೆಗೆದುಕೊಳ್ಳುತ್ತಿರುವ ಸಾಧ್ಯತೆ ಹೆಚ್ಚು. ಎರಡೂ ಕಿಣ್ವಪ್ರತಿಬಂಧಕಗಳೇ! ಆ ವಯಸ್ಸಿನಲ್ಲಿ ಅಂಡಾಶಯ ನಿವೃತ್ತಿಯಾದರೂ ದೇಹದ ಕೊಬ್ಬು ಮುಂತಾದ ಕಡೆ ಅರೋಮಟೇಸ್ ಎಂಬ ಕಿಣ್ವ ಈಸ್ಟ್ರೊಜೆನ್ ಹಾರ್ಮೋನನ್ನು ತಯಾರಿಸುತ್ತಲೇ ಇರುತ್ತದೆ, ಗಡ್ಡೆ ಅದನ್ನುಂಡು ಬೆಳೆಯುತ್ತದೆ. ಲೆಟ್ರೊಜೋಲ್‌ನ ಟ್ರಯಜೋಲ್ ಉಂಗುರದ ಸಾರಜನಕ ಆ ಕಿಣ್ವದ ನಡುವಿನ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ನಾವು ದಿನವೂ ಹುಳುಕಡ್ಡಿಗೆ ಮಾರುವ ಫ್ಲುಕೊನಜೋಲ್ ಕೂಡ ಇಂಥ ಉಂಗುರದಿಂದಲೇ ಶಿಲೀಂಧ್ರದ ಬೇರೊಂದು ಕಿಣ್ವದ ಕಬ್ಬಿಣವನ್ನು ಹಿಡಿಯುತ್ತದೆ.

ಮೇಷ್ಟ್ರೇ, ಒಮ್ಮೆ ಅವರ ಮಾತ್ರೆಯ ಪಟ್ಟಿಯನ್ನು ನೋಡಿ ಬನ್ನಿ.

ನಿಟ್ಟುವಳ್ಳಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಭಾನುವಾರ ಮಗಳೊಂದಿಗೆ ಹರಿಹರಕ್ಕೆ ಹೋಗಿ ಬಂದೆ. ಮದ್ದಿನಂಗಡಿಯವರ ಊಹೆ ನಿಜವಾಯಿತು, ಲೆಟ್ರೊಜೋಲ್. ಆದರೆ ಆ ತಾಯಿ ಹದಿನೈದು ದಿನಗಳಿಂದ ಅದನ್ನು ನುಂಗಿಯೇ ಇರಲಿಲ್ಲ. ಕೀಲುನೋವು ಬರುತ್ತಿದೆ, ಹೇಗೂ ಶಸ್ತ್ರಚಿಕಿತ್ಸೆಯಾಗಿದೆ, ಇಷ್ಟು ಸಣ್ಣ ಮಾತ್ರೆಯಿಂದ ಏನಾಗುತ್ತದೆ ಎಂದು ನಿಲ್ಲಿಸಿದ್ದರಂತೆ. ಅವರ ಯಜಮಾನರಿಗೆ ಇದು ಗೊತ್ತೇ ಇರಲಿಲ್ಲ. ಅವರು ಪುಡಿ ಹುಡುಕುತ್ತಿದ್ದರು.

ಮಗಳು ಅಲ್ಲಿದ್ದ ಲಗ್ನಪತ್ರಿಕೆಯೊಂದರ ಹಿಂಬದಿಯಲ್ಲಿ ಕಿಂಡಿಯ ಚಿತ್ರ ಬರೆದಳು. ಸ್ಥೂಲದೇಹದ ಸಿಪಾಯಿಯನ್ನೂ ಬರೆದಳು. ‘ಅಜ್ಜೀ, ಈ ಸಿಪಾಯಿ ದಿನಕ್ಕೊಬ್ಬನಂತೆ ಹೋಗುತ್ತಿರಬೇಕು, ಇಲ್ಲದಿದ್ದರೆ ಕಿಂಡಿ ತೆರೆದುಕೊಳ್ಳುತ್ತದೆ’ ಎಂದಳು. ಅವರು ಚಿತ್ರವನ್ನು ಬಹಳ ಹೊತ್ತು ನೋಡಿ, ‘ಇವನಿಗೆ ಮೀಸೆ ಯಾಕಿಲ್ಲ?’ ಎಂದು ಕೇಳಿದರು. ಸೋಮವಾರ ವೈದ್ಯರನ್ನು ಕಂಡು ಕೀಲುನೋವಿನ ವಿಷಯ ಹೇಳಿ, ಅವರ ಸಲಹೆಯಂತೆ ಮತ್ತೆ ಶುರುಮಾಡುವುದೆಂದು ತೀರ್ಮಾನವಾಯಿತು.

ತುರ್ತು ವಾರ್ಡು

ವೈದ್ಯರನ್ನು ಕಂಡಾಗ ಮೂಳೆಯ ಸಾಂದ್ರತೆಯ ಪರೀಕ್ಷೆಯನ್ನೂ ಕೇಳಲಿ. ಈಸ್ಟ್ರೊಜೆನ್ ಇಳಿದಾಗ ಮೂಳೆ ಸವೆಯುತ್ತದೆ, ಕ್ಯಾಲ್ಸಿಯಂ ಬೇಕಾಗಬಹುದು.

ದಿನಕ್ಕೊಂದು ಮಾತ್ರೆ

ಮೀಸೆ ಬರೆದಿರಾ?

ನಲವತ್ತೆರಡನೆಯದು

ಬರೆದೆ. ಚಿತ್ರ ಈಗ ಅವರ ಮನೆಯ ಫ್ರಿಜ್ ಮೇಲಿದೆ.

ಹಳೇ ಮಿಲ್ಲಿನ ಚಿಮಣಿ

ನಲವತ್ಮೂರನೆಯದು ಯಾವುದು?

ನಲವತ್ತೆರಡನೆಯದು

ಇಪ್ಪತ್ತೇಳನೆಯದಕ್ಕೇ ಮಾರ್ಫೋಲಿನ್ ಬಾಲ ಹಚ್ಚಿದ್ದೇನೆ, ಜೆಫಿಟಿನಿಬ್‌ನಲ್ಲಿರುವಂತೆ. ನಿನ್ನೆ ನೀರಿಗೆ ಹಾಕಿ ನೋಡಿದೆ. ಅರ್ಧ ಕರಗಿತು.